ಮೆಂಫಿಸ್‌ನ ಪೌರಕಾರ್ಮಿಕರು ಮತ್ತು ಕ್ರೈಸ್ತಸಭೆ: 1968

1968ರ ಫೆಬ್ರವರಿ 1ರಂದು ಅಮೆರಿಕದ ಮೆಂಫಿಸ್ ನಗರದಲ್ಲಿ ಮಳೆ ಸುರಿಯುತ್ತಿತ್ತು. ಕಸದ ಲಾರಿಯ ಹಿಂಭಾಗದಲ್ಲಿ ಆಶ್ರಯ ಪಡೆದಿದ್ದ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪುವರ್ಣೀಯ ಪೌರಕಾರ್ಮಿಕರು ಕಸ ಅಮುಕುವ ಯಂತ್ರಕ್ಕೆ ಸಿಲುಕಿ ಮಡಿದರು. ಹಳೆಯ ಲಾರಿಗಳ ಅಪಾಯ ಕೆಲಸಗಾರರಿಗೆ ತಿಳಿಯದ್ದೇನಲ್ಲ. ಆದರೆ ಹೇಳುವುದು ಯಾರಿಗೆ? 1963ರಲ್ಲಿ ಸಂಘ ಕಟ್ಟಲು ಕೂಡಿದ್ದಕ್ಕಾಗಿ ಟಿ. ಓ. ಜೋನ್ಸ್ ಮೊದಲಾದ 33 ಮಂದಿ ಕೆಲಸ ಕಳೆದುಕೊಂಡಿದ್ದರು. ಬಿಳಿಯ ಮೇಲ್ವಿಚಾರಕರು ಮೊಮ್ಮಕ್ಕಳನ್ನು ಕಂಡ ಕೆಲಸಗಾರನನ್ನೂ ‘ಹುಡುಗ’ ಎಂದೇ ಕರೆಯುತ್ತಿದ್ದರು. ಕೆಲಸದ ಸ್ಥಳದಲ್ಲಿನ ‘ಮಾನಸಿಕ ಸುರಕ್ಷತೆ’ ಎಂದು ಇಂದು ನಾವು ಹೇಳುವುದರ ಅಭಾವವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಆ ಎರಡು ಸಾವುಗಳೇ ಸಾಕ್ಷಿ.

ಫೆಬ್ರವರಿ 12ರಂದು ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. ವೇತನದ ಬೇಡಿಕೆಯೂ ಇತ್ತು. ಆದರೂ ಅವರು ಹೊತ್ತು ನಡೆದ ಫಲಕದಲ್ಲಿದ್ದುದು ‘ನಾನು ಮನುಷ್ಯ’ ಎಂಬ ಮಾತು. ಆದಿಕಾಂಡದ ಮೊದಲ ಅಧ್ಯಾಯವನ್ನು ಓದಿದವರಿಗೆ ಇದು ಬರಿಯ ಕಾರ್ಮಿಕ ಘೋಷಣೆಯಾಗಿ ಕೇಳಿಸಲಾರದು. ಮನುಷ್ಯನನ್ನು ಮನುಷ್ಯನಲ್ಲವೆಂದು ಎಣಿಸುವುದೇ ವರ್ಣಭೇದದ ತಿರುಳೆಂದು ಮುಷ್ಕರನಿರತರಿಗೆ ಬಿಡಿಸಿ ಹೇಳಿದವರು ಸೆಂಟಿನರಿ ಮೆಥಡಿಸ್ಟ್ ಸಭೆಯ ಪಾಲಕರಾದ ಜೇಮ್ಸ್ ಲಾಸನ್. ಅವರು 1953ರಿಂದ ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಮಿಷನರಿಯಾಗಿದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಸಿಸಿದ್ದವರು. ನಮ್ಮ ನಾಡಿಗೆ ಬಂದ ಮಿಷನರಿಯೊಬ್ಬರು ಕೊಟ್ಟದ್ದಕ್ಕಿಂತ ಹೆಚ್ಚನ್ನು ಕೊಂಡೊಯ್ದ ಪ್ರಸಂಗವಿದು ಎನ್ನಬಹುದೇನೋ.

ಮುಷ್ಕರನಿರತರ ಕೂಟಗಳು ಕ್ಲೇಬಾರ್ನ್ ಟೆಂಪಲ್‌ನಲ್ಲಿ ಸೇರುತ್ತಿದ್ದವು. ಮೆರವಣಿಗೆಗಳು ಅಲ್ಲಿಂದಲೇ ಹೊರಡುತ್ತಿದ್ದವು. ಆ ಕಟ್ಟಡ ಮೊದಲು ಬಿಳಿಯರ ಪ್ರೆಸ್ಬಿಟೇರಿಯನ್ ಸಭೆಯದಾಗಿದ್ದು, 1949ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈಸೇರಿತ್ತು. ಕೆಲಸದಲ್ಲಿ ಬಾಯಿ ತೆರೆಯಲು ಅಂಜಬೇಕಾಗಿದ್ದವರಿಗೆ ಮಾತನಾಡಲು ಸ್ಥಳ ದೊರೆತದ್ದು ದೇವಾಲಯದಲ್ಲಿ.

ಬಿಳಿಯರ ಸಭೆಗಳ ವೃತ್ತಾಂತ ಬೇರೆ. ಅವುಗಳ ಪಾಲಕರಲ್ಲಿ ಕೆಲವರು ಮಾತ್ರ ಆರಂಭದಿಂದಲೂ ಜೊತೆಗೆ ನಿಂತರು. ಏಪ್ರಿಲ್ 4ರಂದು ಅದೇ ನಗರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತರಾದರು. ಮರುದಿನ ಬಿಳಿಯರೂ ಕಪ್ಪುವರ್ಣೀಯರೂ ಆದ ಧರ್ಮಗುರುಗಳು ಸೇಂಟ್ ಮೇರಿ ಕಥೀಡ್ರಲ್‌ನಿಂದ ಮೇಯರ್ ಹೆನ್ರಿ ಲೋಬ್ ಅವರ ಕಚೇರಿಗೆ ನಡೆದರು. ಕಥೀಡ್ರಲ್‌ನ ಡೀನ್ ವಿಲಿಯಂ ಡಿಮಿಕ್ ಶಿಲುಬೆಯನ್ನು ಎತ್ತಿಹಿಡಿದಿದ್ದರು. ಶಿಲುಬೆ ಬೀದಿಗಿಳಿದದ್ದು ಯೋಗ್ಯವೇ. ಆದರೆ ಅಷ್ಟರಲ್ಲಿ ಮುಷ್ಕರಕ್ಕೆ ಏಳು ವಾರಗಳು ತುಂಬಿದ್ದವು. ಆ ಏಳು ವಾರಗಳನ್ನು ಬಿಟ್ಟು ಈ ಒಂದು ದಿನವನ್ನೇ ವರ್ಣಿಸುವ ಸಭಾಚರಿತ್ರೆ ಪ್ರಾಮಾಣಿಕವಾಗಲಾರದು.

ಏಪ್ರಿಲ್ 16ರಂದು ಒಪ್ಪಂದವಾಯಿತು. ನಗರಾಡಳಿತ ಸಂಘವನ್ನು ಮನ್ನಿಸಿತು, ವೇತನವನ್ನು ಏರಿಸಿತು. ಕೆಲಸಗಾರರು ತಮ್ಮ ದೂರುಗಳನ್ನು ಹೇಳಿಕೊಳ್ಳಲು ಒಂದು ಗೊತ್ತಾದ ಕ್ರಮವೂ ಏರ್ಪಟ್ಟಿತು.