ಕನ್ನಡ ಹಸ್ತಪ್ರತಿಗಳಲ್ಲಿ ಮದ್ದು, ಅಡುಗೆ, ಭಕ್ತಿ

ಹಳಗನ್ನಡ, ನಡುಗನ್ನಡ ಕಾಲದಲ್ಲಿ ಕಾವ್ಯ-ಪುರಾಣಗಳ ಜೊತೆಗೇ ಬೆಳೆದದ್ದು ಶಾಸ್ತ್ರಸಾಹಿತ್ಯ. ವೈದ್ಯ, ಪಶುವೈದ್ಯ, ವಿಷಚಿಕಿತ್ಸೆ, ಪಾಕ, ಕೃಷಿ ಇದರ ವಸ್ತು. ಬಾಯಿಪಾಠಕ್ಕೆ ಅನುಕೂಲವೆಂದು ಬಹುಪಾಲು ಪದ್ಯದಲ್ಲೇ ಇದೆ. ಬರೆದವರಲ್ಲಿ ಅನೇಕರು ಜೈನರು. ಅವರ ಧರ್ಮ ಮೊದಲ ಸ್ತುತಿಪದ್ಯಕ್ಕೇ ಮುಗಿಯದೆ ಮದ್ದಿನ ಒಳಕ್ಕೂ ಇಳಿದಿದೆ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ‘ಲೋಕೋಪಕಾರ’. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ ಇದನ್ನು ಸು. 1025ರಲ್ಲಿ ರಚಿಸಿದ. 12 ಅಧ್ಯಾಯಗಳಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದ, ಸುಗಂಧ, ಅಡುಗೆ, ಮನುಷ್ಯರ ಮತ್ತು ದನಕರುಗಳ ಚಿಕಿತ್ಸೆ, ಶಕುನ ಎಲ್ಲವೂ ಬರುತ್ತವೆ. ಇಡ್ಲಿಯ ಪೂರ್ವಜ ‘ಇಡ್ಡಲಿಗೆ’ ಇಲ್ಲಿದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರಲ್ಲಿ ಕಲಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸಬೇಕು. ಅಕ್ಕಿಯ ಮಾತೇ ಇಲ್ಲ. ಇಂದಿನ ಹೋಟೆಲಿನಲ್ಲಿ ಅದನ್ನು ಇಟ್ಟರೆ ಇಡ್ಲಿಯೆಂದು ಒಪ್ಪುವವರು ಕಡಿಮೆ. ಹುತ್ತ, ಗಿಡಮರಗಳ ಗುರುತು ಹಿಡಿದು ನೀರಿನ ಸೆಲೆ ಊಹಿಸುವ ಭಾಗ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಜಾಡಿನದು. ಹಿರಿಯೂರು, ಹೊಸದುರ್ಗದಂಥ ಒಣಸೀಮೆಯಲ್ಲಿ ಬೋರ್‌ವೆಲ್ ಪಾಯಿಂಟ್ ಗೊತ್ತುಮಾಡಲು ತೆಂಗಿನಕಾಯಿ ಹಿಡಿದು ಹೊಲ ಸುತ್ತುವವರು ಈಗಲೂ ಇರುವುದರಿಂದ, ಆ ಕುತೂಹಲ ಹಳತಾಗಿಲ್ಲ.

ಧರ್ಮ ಮದ್ದನ್ನು ಬದಲಿಸಿದ್ದು ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಲ್ಲಿ (ಸು. 1150) ನೇರವಾಗಿ ಕಾಣುತ್ತದೆ. ಪೂಜ್ಯಪಾದರ ಸಂಸ್ಕೃತ ವೈದ್ಯಗ್ರಂಥ ಇದಕ್ಕೆ ಮೂಲ. ಆಯುರ್ವೇದದಲ್ಲಿ ಜೇನುತುಪ್ಪವಿಲ್ಲದೆ ಅನುಪಾನವೇ ನಡೆಯದೆನ್ನುವಷ್ಟು ಅದರ ಬಳಕೆ. ಮಾಂಸರಸ, ಮದ್ಯಗಳಿಗೂ ಅಲ್ಲಿ ಜಾಗವುಂಟು. ಸೋಮನಾಥ ಈ ಮೂರನ್ನೂ ಕೈಬಿಟ್ಟು ಚಿಕಿತ್ಸೆ ಹೇಳಿದ. ವೈದ್ಯನಿಗೆ ಇದು ಸಣ್ಣ ಕಟ್ಟುಪಾಡಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ ದನಗಳ ರೋಗಕ್ಕೆ ಮೀಸಲು. ವಿಜಯನಗರದ ಆರಂಭಕಾಲದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಗಿಡಮೂಲಿಕೆ-ಖನಿಜಗಳ ಸ್ಥಾವರ ವಿಷ, ಹಾವು-ಚೇಳುಗಳ ಜಂಗಮ ವಿಷ ಎರಡಕ್ಕೂ ಮದ್ದು ಹೇಳುತ್ತದೆ, ಮಂತ್ರವನ್ನೂ ಬಿಟ್ಟಿಲ್ಲ.

ಮೂರನೆಯ ಮಂಗರಸ ಕಲ್ಲಹಳ್ಳಿಯ ಪ್ರಭು, 16ನೆಯ ಶತಮಾನದ ಆರಂಭದವನು. ‘ಸಮ್ಯಕ್ತ್ವಕೌಮುದಿ’, ‘ನೇಮಿಜಿನೇಶಸಂಗತಿ’ಯಂಥ ಜಿನಕಥೆಗಳನ್ನು ಬರೆದ ಕೈಯೇ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನೂ ಬರೆಯಿತು. ಹಿಟ್ಟಿನ ತಿಂಡಿ, ಪಾನಕ, ಪಾಯಸ, ಅನ್ನದ ಬಗೆಗಳ ಜೊತೆಗೆ ಬದನೆ, ಹಲಸುಗಳಿಗೆ ಧಾರಾಳವಾಗಿ ಜಾಗ ಕೊಟ್ಟಿದ್ದಾನೆ. ಎಲ್ಲವೂ ಸಸ್ಯಾಹಾರ.

ಶರಣರಲ್ಲಿ ವೈದ್ಯ ಸಂಗಣ್ಣನದು ತಿರುವುಮುರುವು ದಾರಿ: ಅವನ ವಚನಗಳಲ್ಲಿ ರೋಗ, ಔಷಧದ ಮಾತುಗಳೇ ಭಕ್ತಿಯ ಮಾತಾಗುತ್ತವೆ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಮಠ ಗಣಕಕ್ಕೆ ಅಳವಡಿಸಿದ ವಚನಸಂಗ್ರಹದಿಂದಾಗಿ ಇಂಥವನ್ನು ಈಗ ಮನೆಯಲ್ಲೇ ಹುಡುಕಿ ಓದಬಹುದು.

ಈ ಕೃತಿಗಳು ಉಳಿದದ್ದು ಹೆಚ್ಚಾಗಿ ಓಲೆಗರಿಯಲ್ಲಿ. ಹದಮಾಡಿದ ಗರಿಯ ಮೇಲೆ ಕಂಠದಿಂದ ಕೊರೆದು, ಮಸಿ ಒರೆಸಿ, ದಾರ ಪೋಣಿಸಿ ಹಲಗೆಗಳ ನಡುವೆ ಕಟ್ಟುತ್ತಿದ್ದರು. ಹುಣಿಸೆಬೀಜದ ಅಂಟಿಗೆ ಇದ್ದಿಲು ಸೇರಿಸಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕಪತ್ರ ಬರೆಯುವ ರೂಢಿಯೂ ಇತ್ತು. ಒಂದೇ ಕಟ್ಟಿನಲ್ಲಿ ಹಲವು ಕೃತಿಗಳು ಸೇರಿರುವುದು ಅಪರೂಪವಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರಿನ ಜಮೀನ್ದಾರ ರಾಬರ್ಟ್ ಥಾರ್ನ್‌ಟನ್ 15ನೆಯ ಶತಮಾನದಲ್ಲಿ ಸ್ವಂತಕ್ಕೆ ನಕಲು ಮಾಡಿಕೊಂಡ, ಈಗ ಲಿಂಕನ್ ಕೆಥೆಡ್ರಲ್‌ನಲ್ಲಿರುವ ಸಂಪುಟವೂ ಹಾಗೆಯೇ: ವೀರಕಥೆ, ಪ್ರಾರ್ಥನೆ, ಮನೆಮದ್ದು ಒಟ್ಟಿಗಿವೆ. ಅಚ್ಚಾದ ಪುಸ್ತಕದಲ್ಲಿ ಪ್ರತಿ ಕೃತಿಯೂ ಬಿಡಿಯಾಗಿ ಬರುವುದರಿಂದ ಈ ಒಡನಾಟ ಓದುಗರ ಕಣ್ಣಿಗೆ ಬೀಳುವುದಿಲ್ಲ.

‘ಲೋಕೋಪಕಾರ’ವನ್ನು ಎಚ್. ಶೇಷ ಅಯ್ಯಂಗಾರ್ ಸಂಪಾದಿಸಿದರು. 1950ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಸಿಕಂದರಾಬಾದಿನ ಏಷ್ಯನ್ ಅಗ್ರಿ-ಹಿಸ್ಟರಿ ಫೌಂಡೇಶನ್ 2006ರಲ್ಲಿ ಅದರ ಇಂಗ್ಲಿಷ್ ಅನುವಾದ ಹೊರತಂದಿತು.