ಕಲ್ಲಿದ್ದಲು ಗಣಿ ಎಂದರೆ ಇಲಿ ಬಿಲವೇ? ನೆಲದಡಿ ನಿಜವಾಗಿ ನಡೆಯುವ ಕೆಲಸವೇನು?

2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ ಸಿಲುಕಿದ್ದ 41 ಕಾರ್ಮಿಕರನ್ನು ಹೊರತರಲು ಕೊನೆಯ ಹಂತದಲ್ಲಿ ಕೈಯಿಂದಲೇ ಅಗೆದವರು ‘ರ‍್ಯಾಟ್ ಹೋಲ್’ ವಿಧಾನ ಬಲ್ಲ ಕೆಲಸಗಾರರು. ಆ ವಿಡಿಯೋಗಳನ್ನು ನೋಡಿದವರಿಗೆ ‘ನಮ್ಮ ಕರೆಂಟಿನ ಕಲ್ಲಿದ್ದಲೂ ಹೀಗೇ ಬರುತ್ತದೆ’ ಎನಿಸುವುದು ಸಹಜ. ಆದರೆ ಅದು ನಿಜವಲ್ಲ.

ಭಾರತದ ಕಲ್ಲಿದ್ದಲಿನ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಬರುವುದು ತೆರೆದ ಗಣಿಗಳಿಂದ. ಕರ್ನಾಟಕದಲ್ಲಿ ಕಲ್ಲಿದ್ದಲು ನಿಕ್ಷೇಪವಿಲ್ಲ. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ರೈಲಿನಲ್ಲಿ ಬರುವ ಕಲ್ಲಿದ್ದಲಿನಲ್ಲಿ ತೆಲಂಗಾಣದ ಸಿಂಗರೇಣಿಯದ್ದೂ ಇದೆ. ಸಿಂಗರೇಣಿಯಲ್ಲಿ ತೆರೆದ ಗಣಿಗಳ ಜೊತೆಗೆ ನೆಲದಡಿಯ ಗಣಿಗಳೂ ಇವೆ. ಅಂಥ ಗಣಿಯೊಳಗೆ ಏನು ನಡೆಯುತ್ತದೆ?

ಮೊದಲ ಕೆಲಸ: ಚಾವಣಿ ಹಿಡಿದು ನಿಲ್ಲಿಸುವುದು

ಕಲ್ಲಿದ್ದಲು ಬಂಡೆಗಳ ನಡುವೆ ಪದರವಾಗಿರುತ್ತದೆ. ನೇರ ಬಾವಿ ಅಥವಾ ಇಳಿಜಾರು ಸುರಂಗದ ಮೂಲಕ ಅದನ್ನು ತಲುಪುತ್ತಾರೆ. ಬಳಿಕ ಪದರದೊಳಗೆ ಉದ್ದಕ್ಕೂ ಅಡ್ಡಕ್ಕೂ ದಾರಿಗಳನ್ನು ಕೊರೆಯುತ್ತಾರೆ. ನಡುವೆ ಉಳಿಯುವ ಚೌಕಾಕಾರದ ಕಲ್ಲಿದ್ದಲೇ ಕಂಬವಾಗಿ ಮೇಲಿನ ಭಾರ ಹೊರುತ್ತದೆ. ಆಳ ಹೆಚ್ಚಿದಷ್ಟೂ ಕಂಬ ದೊಡ್ಡದಿರಬೇಕು. ಚಾವಣಿಯ ಬಂಡೆಗೆ ರಂಧ್ರ ಕೊರೆದು ಉಕ್ಕಿನ ಬೋಲ್ಟ್‌ಗಳನ್ನೂ ಬಿಗಿಯುತ್ತಾರೆ.

ಕೊನೆಯ ಹಂತದಲ್ಲಿ ಗಣಿಯ ಒಳತುದಿಯಿಂದ ಹಿಂದಕ್ಕೆ ಬರುತ್ತಾ ಕಂಬಗಳನ್ನೂ ತೆಗೆಯುವುದುಂಟು. ಆಗ ಹಿಂದೆ ಖಾಲಿಯಾದ ಜಾಗದ ಚಾವಣಿ ಕುಸಿಯುತ್ತದೆ. ಈ ಹಂತದಲ್ಲಿ ಅಪಾಯ ಹೆಚ್ಚು.

ಸಿಂಗರೇಣಿಯ ಅಡ್ರಿಯಾಲದಲ್ಲಿ ಇನ್ನೊಂದು ವಿಧಾನವಿದೆ, ಅದು ಲಾಂಗ್‌ವಾಲ್. ಉದ್ದನೆಯ ಕಲ್ಲಿದ್ದಲು ಗೋಡೆಯನ್ನು ಯಂತ್ರ ಕೆರೆಯುತ್ತಾ ಸಾಗುತ್ತದೆ. ಹೈಡ್ರಾಲಿಕ್ ಆಸರೆಗಳು ಅದರ ಜೊತೆಗೇ ಮುಂದೆ ಸರಿಯುತ್ತವೆ.

ಎರಡನೆಯದು: ಗಾಳಿ

ಕಲ್ಲಿದ್ದಲಿನಿಂದ ಮೀಥೇನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಸುಮಾರು ಶೇ 5ರಿಂದ 15ರಷ್ಟಿದ್ದಾಗ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಹೀಗಾಗಿ ನೆಲದ ಮೇಲಿನ ದೊಡ್ಡ ಫ್ಯಾನ್ ಹಗಲಿರುಳು ಓಡುತ್ತದೆ. ಒಂದು ದಾರಿಯಿಂದ ಹೊಸ ಗಾಳಿ ಒಳಗೆ, ಇನ್ನೊಂದರಿಂದ ಕೆಟ್ಟ ಗಾಳಿ ಹೊರಗೆ. ನಮ್ಮ ದೇಶದ ನಿಯಮದಂತೆ ಮೀಥೇನ್ ಶೇ 1.25 ದಾಟಿದರೆ ಕರೆಂಟ್ ಕಡಿದು ಜನರನ್ನು ಅಲ್ಲಿಂದ ಹೊರಕಳಿಸಬೇಕು.

ಕಲ್ಲಿದ್ದಲಿನ ಪುಡಿಯೂ ಗಾಳಿಯಲ್ಲಿ ಎದ್ದರೆ ಸಿಡಿಯುತ್ತದೆ. ಅದಕ್ಕೇ ಗಣಿಯೊಳಗೆ ನೀರು ಚಿಮುಕಿಸಿ, ಸುಣ್ಣಕಲ್ಲಿನ ಪುಡಿ ಎರಚುತ್ತಾರೆ.

ಮೂರನೆಯದು: ನೀರು ಮತ್ತು ನಕ್ಷೆ

1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ ಮೇಲೆ ಸಂಗ್ರಹವಾಗಿದ್ದ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತರು. ಹಳೆಯ ಅಗೆತ ಎಲ್ಲಿದೆ, ಅಲ್ಲಿ ನೀರು ನಿಂತಿದೆಯೇ ಎಂಬುದು ಗೊತ್ತಿರಲೇಬೇಕು. ಹೀಗಾಗಿ ಗಣಿಯ ನಕ್ಷೆ ಬರೀ ಕಡತವಲ್ಲ, ಒಳಗಿರುವವರ ಜೀವ.

1989ರಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಗೂ ನೀರು ನುಗ್ಗಿತು. ನೆಲದ ಮೇಲಿಂದ ರಂಧ್ರ ಕೊರೆದು ಉಕ್ಕಿನ ಕ್ಯಾಪ್ಸೂಲ್ ಇಳಿಸಲಾಯಿತು. ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ಸ್ವತಃ ಕೆಳಗಿಳಿದರು. 65 ಜನ ಬದುಕಿ ಬಂದರು.

ಕಲ್ಲಿದ್ದಲು ಹೊರಬರುವುದು ಹೇಗೆ?

ಕೆಲವೆಡೆ ಯಂತ್ರವೇ ಕಲ್ಲಿದ್ದಲು ಕತ್ತರಿಸುತ್ತದೆ. ಉಳಿದೆಡೆ ರಂಧ್ರ ಕೊರೆದು, ಗಣಿಗೆಂದೇ ಅನುಮತಿ ಪಡೆದ ಸ್ಫೋಟಕ ಇಟ್ಟು ಸಿಡಿಸುತ್ತಾರೆ. ಹೊಗೆ ತಗ್ಗಿ, ಚಾವಣಿ ಪರೀಕ್ಷೆ ಮುಗಿದ ಮೇಲಷ್ಟೇ ಲೋಡರ್ ಯಂತ್ರ ಮುಂದೆ ಹೋಗುತ್ತದೆ. ಅಲ್ಲಿಂದ ಕನ್ವೇಯರ್ ಬೆಲ್ಟ್ ಅಥವಾ ಹಳಿಯ ಮೇಲಿನ ತೊಟ್ಟಿಗಳಲ್ಲಿ ಕಲ್ಲಿದ್ದಲು ಮೇಲೆ ಬರುತ್ತದೆ.

ಮೇಲೆ ಅದನ್ನು ಪುಡಿಮಾಡಿ, ಜರಡಿ ಹಿಡಿದು ರೈಲಿಗೆ ತುಂಬುತ್ತಾರೆ. ರಾಶಿ ಹಾಕಿದ ಕಲ್ಲಿದ್ದಲು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಬೆರೆತು ಬಿಸಿಯಾಗುತ್ತದೆ. ಯಾರೂ ಬೆಂಕಿ ಹಚ್ಚದಿದ್ದರೂ ಹೊತ್ತಿಕೊಳ್ಳಬಹುದು. ಅದಕ್ಕೇ ರಾಶಿಯನ್ನು ಒತ್ತಿ ಗಟ್ಟಿಮಾಡುತ್ತಾರೆ, ಹಳೆಯದನ್ನು ಮೊದಲು ಸಾಗಿಸುತ್ತಾರೆ.

ಹಾಗಾದರೆ ‘ಇಲಿ ಬಿಲ’ ಯಾವುದು?

ಮೇಘಾಲಯದಲ್ಲಿ ತೆಳ್ಳನೆಯ ಪದರದೊಳಗೆ ಮನುಷ್ಯ ತೆವಳುವಷ್ಟೇ ಎತ್ತರದ ಕಿಂಡಿ ಕೊರೆಯುವ ಪದ್ಧತಿ ಅದು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲಿ ಇದನ್ನು ನಿಷೇಧಿಸಿತು. ಆದರೂ ನಿಲ್ಲಲಿಲ್ಲ. 2018ರ ಡಿಸೆಂಬರ್‌ನಲ್ಲಿ ಕ್ಸಾನ್ ಎಂಬಲ್ಲಿ ಇಂಥ ಗಣಿಗೆ ನೀರು ನುಗ್ಗಿತು. ಒಳಗೆ ಸಿಲುಕಿದ 15 ಮಂದಿಯಲ್ಲಿ ಒಬ್ಬರನ್ನೂ ಜೀವಂತವಾಗಿ ಹೊರತರಲಾಗಲಿಲ್ಲ.

ಒಟ್ಟಿನಲ್ಲಿ

ನಿಯಮದ ಗಣಿಯಲ್ಲೂ ಅಪಾಯವಿದೆ, ಚಾಸ್ನಾಲಾ ಅದಕ್ಕೆ ಸಾಕ್ಷಿ. ಆದರೆ ಅಲ್ಲಿ ಶ್ರಮದ ದೊಡ್ಡ ಪಾಲು ಹೋಗುವುದು ಚಾವಣಿ, ಗಾಳಿ, ನೀರು ಈ ಮೂರನ್ನು ಹಿಡಿತದಲ್ಲಿಡಲು. ಇಲಿ ಬಿಲದ ಗಣಿ ಅಗ್ಗವಾಗುವುದು ಈ ಮೂರನ್ನೂ ಬಿಟ್ಟುಬಿಡುವುದರಿಂದ. ಸಿಲ್ಕ್ಯಾರಾದಲ್ಲಿ ಅಗೆದವರ ಧೈರ್ಯವನ್ನು ಖಂಡಿತ ಹೊಗಳೋಣ. ಆ ವಿಧಾನವನ್ನೇ ಹೊಗಳುವ ಸಂದೇಶ ಬಂದರೆ, ಮುಂದಕ್ಕೆ ಕಳಿಸುವ ಮುನ್ನ ಕ್ಸಾನ್‌ನ ಆ 15 ಜನರನ್ನು ನೆನೆಯಿರಿ.