ಮೆಟ್ನರ್ ಸಂಗೀತಕ್ಕೆ ಮೈಸೂರಿನ ಆಸರೆ

ಒಂದು ವಾದ್ಯ ಮುಂದೆ ನಿಂತು ಇಡೀ ವಾದ್ಯವೃಂದದೊಡನೆ ಸಂವಾದ ನಡೆಸುವ ದೊಡ್ಡ ಕೃತಿಗೆ ಪಾಶ್ಚಾತ್ಯ ಸಂಗೀತದಲ್ಲಿ ಕನ್ಸರ್ಟೊ ಎನ್ನುತ್ತಾರೆ. ರಷ್ಯದ ನಿಕೊಲಾಯ್ ಮೆಟ್ನರ್ ಪಿಯಾನೊಗಾಗಿ ಇಂಥ ಮೂರು ಕೃತಿಗಳನ್ನು ಬರೆದ. ಎರಡನೆಯದನ್ನು ತನ್ನ ಗೆಳೆಯ ರಾಕ್ಮಾನಿನಾಫ್‌ಗೆ ಅರ್ಪಿಸಿದ. ಮೂರನೆಯದನ್ನು ಅರ್ಪಿಸಿದ್ದು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರಿಗೆ. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕಣ್ಮುಚ್ಚಿದ ಸಂಗೀತಗಾರನಿಗೂ ಮೈಸೂರು ಅರಮನೆಗೂ ಎಲ್ಲಿಯ ನಂಟು?

ಮೆಟ್ನರ್ ಹುಟ್ಟಿದ್ದು 1880ರ ಜನವರಿಯಲ್ಲಿ. ರಷ್ಯದ ಹಳೆಯ ಪಂಚಾಂಗದ ಪ್ರಕಾರ ಅದಿನ್ನೂ 1879ರ ಡಿಸೆಂಬರ್. 1900ರಲ್ಲಿ ಮಾಸ್ಕೋ ಸಂಗೀತ ವಿದ್ಯಾಲಯದಿಂದ ಚಿನ್ನದ ಪದಕ ಪಡೆದು ಹೊರಬಂದಾಗ ಆತನ ಮುಂದೆ ಪಿಯಾನೊವಾದಕನ ವೈಭವದ ದಾರಿ ತೆರೆದೇ ಇತ್ತು. ಅದನ್ನು ಬದಿಗಿಟ್ಟು ರಚನೆಗೆ ಕುಳಿತ. ಪಿಯಾನೊಗಾಗಿ 14 ಸೊನಾಟಗಳು, ನೂರಕ್ಕೂ ಹೆಚ್ಚು ಹಾಡುಗಳು, ಇವುಗಳ ಜೊತೆಗೆ 'ಸ್ಕಾಜ್ಕಿ' ಎಂದು ಆತ ಕರೆದ ಪುಟ್ಟ ಪಿಯಾನೊ ಕೃತಿಗಳು. ಸ್ಕಾಜ್ಕಾ ಎಂದರೆ ನಮ್ಮ ಅಡಗೂಲಜ್ಜಿ ಕಥೆಯಂಥದು. ಆದರೆ ಇವು ಮಕ್ಕಳನ್ನು ಮಲಗಿಸುವ ಕಥೆಗಳಲ್ಲ, ಕೆಲವಂತೂ ನಿದ್ದೆಗೆಡಿಸುತ್ತವೆ.

ಕ್ರಾಂತಿಯ ನಂತರ, 1921ರಲ್ಲಿ, ಪತ್ನಿ ಅನ್ನಾಳೊಡನೆ ರಷ್ಯ ಬಿಟ್ಟ. ಜರ್ಮನಿ, ಫ್ರಾನ್ಸ್ ಸುತ್ತಿ 1935ರಲ್ಲಿ ಇಂಗ್ಲೆಂಡಿನಲ್ಲಿ ನೆಲೆನಿಂತ. ಅಮೆರಿಕದಲ್ಲಿ ಆತನ ಕಛೇರಿಗಳಿಗೆ ಏರ್ಪಾಡು ಮಾಡಿಸಿದವನು ರಾಕ್ಮಾನಿನಾಫ್. ಆದರೆ ಮೆಟ್ನರ್ ಕಾಲಕ್ಕೆ ತಕ್ಕಂತೆ ಬಾಗುವವನಲ್ಲ. ಯುರೋಪಿನ ಸಂಗೀತ ಸ್ವರ-ಶ್ರುತಿಗಳ ಹಳೆಯ ಕಟ್ಟುಗಳನ್ನೇ ಒಡೆಯುತ್ತಿದ್ದ ಹೊತ್ತಿನಲ್ಲಿ, ಆ ಕಟ್ಟುಗಳು ಮನುಷ್ಯ ಮಾಡಿದವಲ್ಲ, ಸಂಗೀತದ ಸಹಜ ಧರ್ಮವೇ ಅವು ಎಂದು ನಂಬಿ ಒಂದು ಪುಸ್ತಕವನ್ನೇ ಬರೆದ. 1935ರಲ್ಲಿ ಅದನ್ನು ಪ್ರಕಟಿಸಿದ್ದೂ ರಾಕ್ಮಾನಿನಾಫನ ಪ್ರಕಾಶನವೇ. ಆ ವಾದ ಇಂದು ಓದಿದರೆ ಹಟಮಾರಿತನದಂತೆ ಕಾಣುತ್ತದೆ. ಆದರೆ ಆತನ ಸಂಗೀತ ಆ ವಾದಕ್ಕಿಂತ ವಿಶಾಲವಾದುದು. ಮೇಲ್ನೋಟಕ್ಕೆ ಹಳೆಯ ಮಾತನ್ನೇ ಆಡುವಂತಿರುವ ಕೃತಿಯೊಳಗೆ ಎರಡು ಕೈಗಳು ಎರಡು ಬೇರೆ ಲಯಗಳಲ್ಲಿ ನಡೆಯುತ್ತಿರುತ್ತವೆ. ಒಮ್ಮೆ ಕೇಳಿದರೆ ಒಲಿಯುವ ಸಂಗೀತ ಇದಲ್ಲ. ಜನಪ್ರಿಯನಾಗದಿರಲು ಅದೂ ಒಂದು ಕಾರಣ.

ಎರಡನೇ ಮಹಾಯುದ್ಧ ಬಂದಾಗ ಜರ್ಮನ್ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಬಾಂಬುಗಳಿಗೆ ಹೆದರಿ ಲಂಡನ್ ಬಿಟ್ಟು, ಪಿಯಾನೊವಾದಕಿ ಎಡ್ನಾ ಐಲ್ಸ್ ಮನೆಯವರ ಆಶ್ರಯದಲ್ಲಿ ವಾರಿಕ್‌ಶೈರ್ ಪ್ರಾಂತದಲ್ಲಿರಬೇಕಾಯಿತು. 1942ರಲ್ಲಿ ಹೃದಯಾಘಾತ. ಹಾಗಿದ್ದೂ ಮೂರನೆಯ ಕನ್ಸರ್ಟೊವನ್ನು 1943ರಲ್ಲಿ ಮುಗಿಸಿ, ಮರುವರ್ಷ ಫೆಬ್ರುವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ತಾನೇ ನುಡಿಸಿದ.

ಮೈಸೂರಿನ ನೆರವು ಬಂದದ್ದು ಇದಾದ ಮೇಲೆ. ಜಯಚಾಮರಾಜರು ಎಳವೆಯಿಂದಲೇ ಪಿಯಾನೊ ಕಲಿತವರು. 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡು, 21ರ ಹರೆಯದಲ್ಲಿ ಸಿಂಹಾಸನ ಏರಬೇಕಾಯಿತು. ಪಾಶ್ಚಾತ್ಯ ಸಂಗೀತದ ಹಂಬಲ ಮಾತ್ರ ಹಾಗೇ ಉಳಿಯಿತು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕರ್ನಾಟಕ ಸಂಗೀತದ ಕೃತಿಗಳನ್ನು ರಚಿಸಿದವರೂ ಅವರೇ. ಮೆಟ್ನರ್ ಕೃತಿಗಳನ್ನು ಆತನ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು 1946ರಲ್ಲಿ ಅವರು ಹಣ ಒದಗಿಸಲು ಮುಂದಾದರು. ಲಂಡನ್ನಿನಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಎಚ್ಎಂವಿ ಕಂಪನಿಯ ವಾಲ್ಟರ್ ಲೆಗ್ ಧ್ವನಿಮುದ್ರಣದ ಹೊಣೆ ಹೊತ್ತ.

ಆಗಿನದು 78ರ ವೇಗದ ತಟ್ಟೆ. ಒಂದು ಬದಿಗೆ ನಾಲ್ಕೈದು ನಿಮಿಷ ಮಾತ್ರ. ಅರ್ಧ ಗಂಟೆಯ ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕು. ಹೃದ್ರೋಗಿಯೊಬ್ಬ 67ರ ವಯಸ್ಸಿನಲ್ಲಿ ಹೀಗೆ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ತನ್ನ ಮೂರೂ ಕನ್ಸರ್ಟೊಗಳನ್ನು 1947ರಲ್ಲಿ ನುಡಿಸಿದ. ಮುಂದೆ 1950ರಲ್ಲಿ ಪ್ರಸಿದ್ಧ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕಾಫ್ ಆತನ ಹಾಡುಗಳನ್ನು ಹಾಡಿದಾಗಲೂ ಪಿಯಾನೊ ಆತನದೇ.

ಅದೇ 1947ರಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ನಡೆದಿತ್ತು ಎಂಬುದನ್ನು ಮರೆಯುವಂತಿಲ್ಲ. ಅರಸರ ಹಣ ಎಂದರೆ ಯಾರ ಹಣ ಎಂದು ಕೇಳುವವರ ಪ್ರಶ್ನೆ ನ್ಯಾಯವಾದುದೇ. ಆದರೆ ಈ ವೆಚ್ಚ ಬೇಟೆಗೂ ಕುದುರೆ ಜೂಜಿಗೂ ಹೋಗಲಿಲ್ಲ. ಅಂದು ಮುದ್ರಿಸದಿದ್ದರೆ ಈ ಕನ್ಸರ್ಟೊಗಳನ್ನು ಮೆಟ್ನರ್ ಹೇಗೆ ನುಡಿಸುತ್ತಿದ್ದ ಎಂಬುದು ಇಂದು ಕೇಳಲು ಸಿಗುತ್ತಿರಲಿಲ್ಲ. ಎಲ್ಲವೂ ದಕ್ಕಿತೆಂದಲ್ಲ. ರಾಕ್ಮಾನಿನಾಫ್‌ಗೆ ಅರ್ಪಿಸಿದ, ಆತನ ಸೊನಾಟಗಳಲ್ಲೇ ಅತಿ ದೊಡ್ಡದೆನಿಸಿದ 'ಇರುಳ ಗಾಳಿ' ಆ ತಟ್ಟೆಗಳಲ್ಲಿ ಇಲ್ಲ.

1951ರ ನವೆಂಬರಿನಲ್ಲಿ ಮೆಟ್ನರ್ ತೀರಿಕೊಂಡ. ಏಳು ವರ್ಷದ ನಂತರ ಅನ್ನಾ ಗಂಡನ ಹಸ್ತಪ್ರತಿಗಳನ್ನು ಹೊತ್ತು ಮಾಸ್ಕೋಗೆ ಮರಳಿದಳು. 1959ರಿಂದ 1963ರವರೆಗೆ ಅಲ್ಲಿನ ಸರ್ಕಾರಿ ಪ್ರಕಾಶನವೇ ಆತನ ಸಮಗ್ರ ಕೃತಿಗಳನ್ನು 12 ಸಂಪುಟಗಳಲ್ಲಿ ಹೊರತಂದಿತು.